ಅಳಿಸಿ ತುಂಬಿದ ಗಾಳಿ

ನಿವೃತ್ತಿಯಾಗಿ ಯಲಹಂಕದ ಮನೆಯಲ್ಲಿ ತೆಪ್ಪಗೆ ಕೂತಿದ್ದವಳನ್ನು ಹಳೆಯ ಕಚೇರಿಯವರು ಕರೆದು, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳಿ ಎಂದರು. ಒಪ್ಪಿಕೊಂಡೆ. ಮಾರನೆಯ ದಿನ ಪ್ರಜ್ವಲ್ ಒಂದು ಪಟ್ಟಿ ಕಳುಹಿಸಿದ. ಅವನು ನನ್ನ ಕೈಕೆಳಗೆ ಕೆಲಸ ಕಲಿತವನು, ಈಗ ನನ್ನ ಕುರ್ಚಿಯಲ್ಲಿ ಕೂತಿದ್ದಾನೆ. ಪಟ್ಟಿಯಲ್ಲಿದ್ದದ್ದು ನನ್ನ ಪಯಣ, ನನ್ನ ಸಾಧನೆಗಳು, ಯುವಜನರಿಗೆ ಸ್ಫೂರ್ತಿಯ ಮಾತು. ಸಮಯ ಹತ್ತು ನಿಮಿಷ, ಟೀ ಆದ ಮೇಲೆ, ನೆನಪಿನ ಕಾಣಿಕೆಗೆ ಮುಂಚೆ. ಫೋನ್ ಮಾಡಿ ಕೇಳಿದೆ.

“ಏನೋ ಪ್ರಜ್ವಲ್, ಮಾಡಿದ ತಪ್ಪುಗಳ ಬಗ್ಗೆ ಮಾತಾಡೋ ಹಾಗಿಲ್ವಾ?”

“ಮೇಡಂ, ಪ್ಲೀಸ್. ಡೈರೆಕ್ಟರ್ ಎದುರಿಗೇ ಕೂತಿರ್ತಾರೆ. ಸ್ವಲ್ಪ ಪಾಸಿಟಿವ್ ಆಗಿರ್ಲಿ.”

ಹತ್ತು ನಿಮಿಷ ಪಾಸಿಟಿವ್ ಆಗಿದ್ದು ಶಾಲು ಹೊದ್ದು ಮನೆಗೆ ಬಂದೆ. ಬಂದ ಮೇಲೆ ಮೈಯೆಲ್ಲ ಉರಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಪುಸ್ತಕ ತೆರೆದು ಪೆನ್ನು ಹಿಡಿದಿದ್ದಳು, ಬರೆದುಕೊಳ್ಳುವಂಥ ಒಂದೇ ಒಂದು ಮಾತನ್ನೂ ನಾನು ಹೇಳಿರಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಸ್ಫೂರ್ತಿ ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ.

ನಮ್ಮ ಕಚೇರಿ ಹೆಬ್ಬಾಳದಿಂದ ಸ್ವಲ್ಪ ಆಚೆಗೆ. ಕೆಲಸ, ಸಮುದ್ರದ ಮೇಲೆ ಬೀಸುವ ಗಾಳಿಯ ವೇಗವನ್ನು ಉಪಗ್ರಹದ ರೇಡಾರ್‌ನಿಂದ ಅಳೆಯುವುದು. ಹೆಬ್ಬಾಳದಲ್ಲಿ ಸಮುದ್ರ ಎಲ್ಲಿದೆ ಎಂದು ಕೇಳದ ನೆಂಟರಿಲ್ಲ, ಕೇಳದ ಆಟೋದವರಿಲ್ಲ. ಅಬ್ಬಿಗೆರೆಯಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿರುವ ನನ್ನ ಅಣ್ಣ ಕೆಂಪಣ್ಣ ನಾನು ನಿವೃತ್ತಳಾಗುವವರೆಗೂ ಒಂದೇ ಪ್ರಶ್ನೆ ಕೇಳುತ್ತಿದ್ದ.

“ಅಲ್ಲ ರತ್ನಿ, ಗಾಳಿ ಅಳ್ಯಕ್ಕೆ ಇಷ್ಟೊಂದ್ ಓದ್ಬೇಕಿತ್ತಾ? ತಾರಸಿ ಮ್ಯಾಲೆ ಓಗಿ ಇಂಗೆ ನಿಂತ್ಕೊಂಡ್ರೆ ಗೊತ್ತಾಗಕ್ಕಿಲ್ವಾ?”

ಎಷ್ಟು ವಿವರಿಸಿದರೂ ಅವನಿಗೆ ಹಿಡಿಸಲಿಲ್ಲ. ಕೊನೆಗೆ ಆ ಅಪಾರ್ಟ್‌ಮೆಂಟಿಗೆ ‘ಸೀ ಬ್ರೀಜ್’ ಎಂದು ಹೆಸರಿಟ್ಟು, ಅದು ನನ್ನ ಗೌರವಾರ್ಥ ಎಂದ. ಅದರ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಬಚ್ಚಲ ಪೈಪು ಕಾಣುತ್ತದೆ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ರೇಡಾರ್ ಗಾಳಿಯನ್ನು ನೋಡುವುದಿಲ್ಲ, ನೀರನ್ನು ನೋಡುತ್ತದೆ. ಗಾಳಿ ಬೀಸಿದಾಗ ಸಮುದ್ರದ ಮೈಮೇಲೆ ಬೆರಳಗಲದ ಸಣ್ಣ ಸುಕ್ಕುಗಳು ಏಳುತ್ತವೆ. ಸುಕ್ಕು ಹೆಚ್ಚಿದಷ್ಟೂ ನಾವು ಮೇಲಿನಿಂದ ಕಳುಹಿಸಿದ ಸಂಕೇತದಲ್ಲಿ ಹೆಚ್ಚು ಪಾಲು ನಮ್ಮ ಕಡೆಗೆ ಚದುರಿ ವಾಪಸ್ ಬರುತ್ತದೆ. ನೀರು ನುಣ್ಣಗಿದ್ದರೆ ಸಂಕೇತ ಆಚೆಗೆ ಜಾರಿ ಹೋಗುತ್ತದೆ. ವಾಪಸ್ ಬಂದದ್ದನ್ನು ಹಿಡಿದು ಸುಕ್ಕು ಎಷ್ಟು, ಸುಕ್ಕನ್ನು ಹಿಡಿದು ಗಾಳಿ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಸಮುದ್ರವನ್ನು ಚೌಕಗಳಾಗಿ ಹಂಚಿಕೊಂಡು, ಒಂದೊಂದು ಚೌಕಕ್ಕೂ ಒಂದು ಬಾಣ ಹಾಕಿ, ವೇಗಕ್ಕೆ ತಕ್ಕ ಬಣ್ಣ ತುಂಬುತ್ತೇವೆ. ನೀಲಿ ಎಂದರೆ ಮೆಲುಗಾಳಿ, ಕೆಂಪು ಎಂದರೆ ಬಿರುಗಾಳಿ. ದಿಕ್ಕಿನದು ಬೇರೆ ರಗಳೆ. ಒಂದೇ ಸಂಕೇತಕ್ಕೆ ಎರಡು, ಮೂರು, ಕೆಲವು ಸಲ ನಾಲ್ಕು ದಿಕ್ಕುಗಳು ಹೊಂದುತ್ತವೆ. ಅದರಲ್ಲಿ ಸರಿಯಾದದ್ದು ಯಾವುದು ಎಂದು ಆರಿಸಬೇಕು.

ನಾನು ಸೇರಿದಾಗ ಆ ಆಯ್ಕೆಯನ್ನು ಕಣ್ಣಿನಿಂದಲೇ ಮಾಡುತ್ತಿದ್ದೆವು. ಮೇಜಿನಗಲದ ಕಾಗದದ ಮೇಲೆ ಎಲ್ಲ ಬಾಣಗಳನ್ನೂ ಅಚ್ಚು ಹಾಕಿಸಿ, ಬಣ್ಣದ ಪೆನ್ಸಿಲ್ ಹಿಡಿದು, ಸುಳ್ಳು ಬಾಣಗಳನ್ನು ಹೊಡೆದುಹಾಕುವುದು. ಬೆನ್ನು ಮುರಿಯುತ್ತಿತ್ತು. ಆದರೆ ಒಂದು ವರ್ಷ ಹಾಗೆ ಕೂತವರಿಗೆ ಸಮುದ್ರದ ನಡತೆ ತಿಳಿಯುತ್ತಿತ್ತು. ಈಗಿನವರಿಗೆ ಕಂಪ್ಯೂಟರ್ ಆರಿಸಿಕೊಟ್ಟದ್ದು ಮಾತ್ರ ಕಾಣುತ್ತದೆ. ಅದು ಏನನ್ನು ಬಿಟ್ಟಿತು ಎಂದು ಒಬ್ಬರೂ ಕೇಳುವುದಿಲ್ಲ. ನಾನೂ ಕೇಳದವಳೇ, ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ನನ್ನ ಮೇಲಧಿಕಾರಿ ಮೂರ್ತಿ ಸರ್. ಯಶವಂತಪುರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು, ಎಲ್ಲರಿಗಿಂತ ಮೊದಲು ಬಂದು ಗಡಿಯಾರದ ಕೆಳಗೆ ನಿಲ್ಲುತ್ತಿದ್ದರು. ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಕ್ಷೆ ನೋಡಲು ಚೆನ್ನಾಗಿರಬೇಕು ಎಂಬ ಒಂದು ಹುಚ್ಚು ಅವರಿಗಿತ್ತು. ಮದುವೆ ಮನೆಯ ರಂಗೋಲಿಯನ್ನು ನೋಡುವ ಹಾಗೆ ನಮ್ಮ ನಕ್ಷೆಯನ್ನು ದೂರದಿಂದ, ಹತ್ತಿರದಿಂದ, ತಲೆ ಓರೆ ಮಾಡಿ ನೋಡುತ್ತಿದ್ದರು.

ಅವರ ಕೈಯಲ್ಲಿ ನಾನು ಮೊದಲು ಬೈಸಿಕೊಂಡದ್ದು ತೇಲುಯಂತ್ರಗಳ ವಿಷಯದಲ್ಲಿ. ಸಮುದ್ರದಲ್ಲಿ ಅಲ್ಲಲ್ಲಿ ಲಂಗರು ಹಾಕಿ ಬಿಟ್ಟಿರುವ ಆ ಯಂತ್ರಗಳು ಗಾಳಿಯನ್ನು ನೇರವಾಗಿ ಅಳೆಯುತ್ತವೆ, ನಮ್ಮ ಲೆಕ್ಕ ಸರಿಯೇ ಎಂದು ಅವುಗಳ ಜೊತೆ ಹೋಲಿಸಿ ನೋಡುತ್ತೇವೆ. ಅವು ಅಳೆಯುವುದು ನೀರಿನಿಂದ ಸ್ವಲ್ಪವೇ ಮೇಲೆ. ನಾವು ಹೇಳುವುದು ಹತ್ತು ಮೀಟರ್ ಎತ್ತರದ ಗಾಳಿ. ಎತ್ತರ ಹೋದಂತೆ ಗಾಳಿ ಜೋರು, ಆದ್ದರಿಂದ ಅವುಗಳ ಅಂಕಿಯನ್ನು ಸ್ವಲ್ಪ ಏರಿಸಿ ಹೋಲಿಸಬೇಕು. ನಾನು ಏರಿಸಿದೆ. ಆ ಅಂಕಿಗಳನ್ನು ಕಳುಹಿಸುವ ಕಚೇರಿಯವರು ಆಗಲೇ ಏರಿಸಿಯೇ ಕಳುಹಿಸಿದ್ದರು. ಎರಡು ಸಲ ಏರಿದ ಗಾಳಿಯ ಪಕ್ಕದಲ್ಲಿ ನಮ್ಮ ಉಪಗ್ರಹದ ಗಾಳಿ ಮಂಕಾಗಿ ಕಂಡಿತು. ಇದು ಕಮ್ಮಿ ತೋರಿಸುತ್ತಿದೆ ಎಂದು ನಾವು ಅದನ್ನೂ ಎತ್ತಿದೆವು. ಹಲವು ತಿಂಗಳು ಇಡೀ ಅರಬ್ಬಿ ಸಮುದ್ರವನ್ನು ಸುಮ್ಮಸುಮ್ಮನೆ ಜೋರಾಗಿ ಬೀಸಿಸಿದೆವು. ಎತ್ತರ ಹೊಂದಿಸಲಾಗಿದೆ ಎಂದು ಆ ಕಡತದ ಮೊದಲ ಸಾಲಿನಲ್ಲೇ ಬರೆದಿತ್ತು.

“ಮೊದಲ್ನೇ ಸಾಲು ಓದೋ ಅಭ್ಯಾಸ ಇಲ್ವೇನ್ರೀ ನಾಗರತ್ನ?” ಎಂದರು ಮೂರ್ತಿ ಸರ್.

“ನೀವೂ ಸಹಿ ಹಾಕಿದ್ರಲ್ಲ ಸರ್,” ಎಂದೆ.

ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನನಗೇನೂ ನಷ್ಟವಾಗಲಿಲ್ಲ.

ಆಮೇಲೆ ಮಳೆಯ ಕಾಟ. ಸಮುದ್ರದ ಮೇಲೆ ಜೋರು ಮಳೆ ಬಿದ್ದರೆ ಹನಿಗಳೂ ಸಂಕೇತವನ್ನು ಚದುರಿಸುತ್ತವೆ, ರೇಡಾರ್ ಅದನ್ನು ಗಾಳಿ ಎಂದುಕೊಳ್ಳುತ್ತದೆ. ಮೆಲುಗಾಳಿಯ ನಡುವೆ ನಾಲ್ಕಾರು ಕೆಂಪು ಚೌಕ ಹುಚ್ಚುಚ್ಚಾಗಿ ಕಾಣಿಸಿಕೊಳ್ಳುತ್ತವೆ. ಒಮ್ಮೆ ಯಾರೋ ದೊಡ್ಡವರು ಕಚೇರಿ ನೋಡಲು ಬಂದ ದಿನವೇ ಗೋಡೆಯ ನಕ್ಷೆಯಲ್ಲಿ ಇಂಥ ಕೆಂಪು ಮಚ್ಚೆಗಳಿದ್ದವು. ಇಲ್ಲಿ ಚಂಡಮಾರುತವೇ ಎಂದು ಅವರು ಕೇಳಿದರು. ಅಲ್ಲ ಸರ್, ಬರೀ ಮಳೆ ಎಂದು ಹೇಳುವಷ್ಟರಲ್ಲಿ ಮೂರ್ತಿ ಸರ್ ಮುಖ ಬೆವರಿಹೋಯಿತು. ಆ ದೊಡ್ಡವರು ಆಚೆ ಹೋದದ್ದೇ ತಡ, ಸರ್ ನನ್ನ ಮೇಜಿಗೆ ಬಂದರು.

“ಹವಾಮಾನದ ಮಾಡೆಲ್ ಹೇಳೋ ಗಾಳಿಗೂ ನಮ್ಮದಕ್ಕೂ ತೀರಾ ವ್ಯತ್ಯಾಸ ಇದ್ರೆ ಆ ಚೌಕ ತೆಗೆದುಬಿಡಿ.”

ಮಾಡೆಲ್ ಎಂದರೆ ಕಂಪ್ಯೂಟರ್ ಮುಂಚಿತವಾಗಿ ಮಾಡಿಟ್ಟ ಅಂದಾಜು. ಅದಕ್ಕೆ ಹೊಂದದ್ದನ್ನು ಅಳಿಸು ಎಂದು ಒಂದು ಸಾಲು ಬರೆದೆ. ಕೆಂಪು ಮಚ್ಚೆಗಳು ಮಾಯವಾದವು, ಆ ಜಾಗದಲ್ಲಿ ಬಿಳಿ ತೂತು ಉಳಿಯಿತು. ಎರಡು ತಿಂಗಳಾದ ಮೇಲೆ ಆ ತೂತುಗಳೂ ಅವರ ಕಣ್ಣಿಗೆ ಚುಚ್ಚತೊಡಗಿದವು.

“ಹುಳ ತಿಂದಿರೋ ಸೀರೆ ಥರ ಇದೆಯಲ್ರೀ. ಮಾಡೆಲ್‌ನ ಅಂಕಿ ಹಾಕಿ ತುಂಬಿಸಿ.”

“ಸರ್, ತುಂಬಿಸಿದ್ದು ಅಂತ ನೋಡೋರಿಗೆ ಹೇಗೆ ಗೊತ್ತಾಗುತ್ತೆ?”

“ಒಳಗಿನ ಕಡತದಲ್ಲಿ ಗುರುತು ಇರುತ್ತಲ್ಲ. ಬೇಕಾದವರು ನೋಡ್ಕೋತಾರೆ.”

ನನಗೆ ಸರಿ ಕಾಣಲಿಲ್ಲ. ಸರಿ ಕಾಣದಿದ್ದರೂ ಬರೆದೆ, ಯಾಕೆಂದರೆ ಅವತ್ತು ಸಂಜೆ ಆಫೀಸ್ ಬಸ್ಸು ತಪ್ಪಿಸಿಕೊಳ್ಳಲು ಮನಸ್ಸಿರಲಿಲ್ಲ. ಕಾರಣ ಇಷ್ಟೇ, ದೊಡ್ಡದೇನೂ ಅಲ್ಲ. ನಕ್ಷೆ ಲಕ್ಷಣವಾಗಿ ಕಾಣತೊಡಗಿತು, ಎಲ್ಲರೂ ಮೆಚ್ಚಿಕೊಂಡರು, ನಾನು ಆ ಎರಡು ಸಾಲನ್ನು ಮರೆತೇಬಿಟ್ಟೆ.

ಈಗ ಶೇಖರಣ್ಣನ ವಿಷಯಕ್ಕೆ ಬರುತ್ತೇನೆ. ಕರಾವಳಿಯ ಒಂದು ಮೀನುಗಾರಿಕೆ ಬಂದರಿನಲ್ಲಿ ಬೋಟಿನವರ ಸಂಘದ ವೈರ್‌ಲೆಸ್ ಕೋಣೆ ನೋಡಿಕೊಳ್ಳುತ್ತಿದ್ದವರು ಅವರು. ನಮ್ಮ ನಕ್ಷೆ ಬಳಸುವವರ ಸಭೆಯೊಂದರಲ್ಲಿ ನನ್ನ ನಂಬರ್ ಇಸಿದುಕೊಂಡಿದ್ದರು. ಆಮೇಲೆ ಬಿಡಲೇ ಇಲ್ಲ. ವಾರಕ್ಕೆ ಎರಡು ಸಲ ಫೋನು, ಮಾಡಿದಾಗಲೆಲ್ಲ ದೂರು.

“ಎಂತ ಮೇಡಂ, ನಿಮ್ಮ ನಕ್ಷೆಯಲ್ಲಿ ಗಾಳಿಯೇ ಇಲ್ಲ. ಇಲ್ಲಿ ನೋಡಿದ್ರೆ ಬಾವುಟ ಹರಿದು ಹೋಗ್ತಾ ಉಂಟು ಮಾರಾಯ್ರೆ.”

ದಡದ ಹತ್ತಿರ ನೆಲದ ಸಂಕೇತವೂ ಬೆರೆಯುವುದರಿಂದ ಅಲ್ಲಿಯ ಚೌಕಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಹತ್ತು ಸಲ ಹೇಳಿದ್ದೆ. ಹನ್ನೊಂದನೆಯ ಸಲವೂ ಅದೇ ಬಾವುಟದ ಕಥೆ. ಅವರ ಹೆಸರು ಫೋನಿನಲ್ಲಿ ಕಂಡರೆ ನನಗೆ ತಲೆ ಕೆಡುತ್ತಿತ್ತು. ಮುಚ್ಚಿಡುವುದೇನು, ಎಷ್ಟೋ ಸಲ ಎತ್ತುತ್ತಲೇ ಇರಲಿಲ್ಲ.

ಆ ದಿನ ಎತ್ತಿದೆ. ಬೆಳಿಗ್ಗೆ ಹತ್ತು ಗಂಟೆ. ಮೀಟಿಂಗಿಗೆ ಹೊರಟಿದ್ದೆ, ಕೈಯಲ್ಲಿ ಫೈಲಿತ್ತು.

“ಮೇಡಂ, ಒಂದು ಕೇಳ್ಲಿಕ್ಕೆ ಉಂಟು. ನನ್ನ ತಮ್ಮ ವಸಂತ ಹೊರಗೆ ಇದ್ದಾನೆ, ಬೋಟಲ್ಲಿ ಏಳು ಜನ. ನೀರು ಸರಿ ಇಲ್ಲ ಅಂತಾನೆ. ಗಾಳಿ ಅಷ್ಟಿಲ್ಲ, ಆದ್ರೆ ದಕ್ಷಿಣದಿಂದ ದೊಡ್ಡ ದೊಡ್ಡ ತೆರೆ ಬರ್ತಾ ಉಂಟಂತೆ. ವಾಪಸ್ ಬಾ ಅನ್ಲಾ, ಇರು ಅನ್ಲಾ?”

ವಸಂತ ಆ ಬೋಟಿನ ತಾಂಡೇಲ, ಎಂದರೆ ಬೋಟು ನಡೆಸುವವನು. ಅಷ್ಟು ದೂರದ ಬೋಟಿನ ಜೊತೆ ದಡದಿಂದ ನೇರವಾಗಿ ಮಾತಾಡಲು ಆಗುವುದಿಲ್ಲ. ನಡುವೆ ಇರುವ ಇನ್ನೊಂದು ಬೋಟು ಮಾತು ದಾಟಿಸಬೇಕು. ಹಾಗೆ ದಾಟಿ ಬಂದಿದ್ದ ಮಾತು ಅದು. ನಾನು ನಿಂತಲ್ಲಿಂದಲೇ ಬಗ್ಗಿ ಪರದೆಯ ಮೇಲೆ ಬೆಳಗಿನ ನಕ್ಷೆ ನೋಡಿದೆ. ತಿಳಿ ನೀಲಿ, ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ.

“ಏನೂ ಇಲ್ಲ ಶೇಖರಣ್ಣ. ಪೂರ್ತಿ ನೀಲಿ ಇದೆ.”

“ಸರಿಯಾಗಿ ನೋಡಿದ್ರಾ ಮೇಡಂ?”

“ನೋಡೇ ಹೇಳ್ತಿರೋದು ಕಣ್ರೀ. ಎಲ್ಲಾದ್ರೂ ದೂರದಲ್ಲಿ ಎದ್ದ ತೆರೆ ಇರ್ಬೇಕು.”

“ಹಾಗಾದ್ರೆ ಇರು ಅಂತೇನೆ,” ಎಂದು ಫೋನ್ ಇಟ್ಟರು. ನಾನು ಮೀಟಿಂಗಿಗೆ ಹೋದೆ. ಯಾವುದೋ ಕೋಣೆಗೆ ಏರ್ ಕಂಡಿಷನರ್ ಹಾಕಿಸುವ ಬಗ್ಗೆ ಎರಡು ಗಂಟೆ ಮಾತಾಡಿದೆವು.

ಮಧ್ಯಾಹ್ನ ಎರಡೂವರೆಗೆ ತಿಂಗಳ ವರದಿ ಮಾಡಲು ಕೂತೆ. ಅದರಲ್ಲಿ ಅಳಿಸಿದ ಚೌಕಗಳದೂ ಒಂದು ಚಿತ್ರ ಹಾಕಬೇಕು. ಯಾರೂ ನೋಡದ ಚಿತ್ರ ಅದು. ಉದಾಹರಣೆಗೆ ಯಾವುದಾದರೂ ಒಂದು ದಿನದ್ದು ಇರಲಿ ಎಂದು ಕೈಗೆ ಸಿಕ್ಕ ಅವತ್ತಿನ ಬೆಳಗಿನ ಕಡತವನ್ನೇ ತೆರೆದೆ. ಅನುಮಾನ ಬಂದು ತೆರೆದೆ ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ, ಆದರೆ ತೆರೆದದ್ದು ವರದಿಗಾಗಿ.

ಮಳೆಯಿಂದ ಅಳಿಸಿದ ಚೌಕಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಇವು ಬಳೆಯ ಹಾಗೆ ದುಂಡಗೆ ಕೂತಿದ್ದವು. ಒಂದೊಂದರ ಬಾಣವೂ ಪಕ್ಕದ್ದರ ಹಿಂದೆ ತಿರುಗುತ್ತಾ ಸುತ್ತು ಹಾಕಿತ್ತು. ಎಲ್ಲವೂ ಕಡು ಕೆಂಪು. ಸಣ್ಣ, ಬಿಗಿಯಾದ ಬಿರುಗಾಳಿಯೊಂದು ಅಲ್ಲಿ ಎದ್ದು ನಿಂತಿತ್ತು. ಮಾಡೆಲ್‌ಗೆ ಅದರ ಸುಳಿವು ಸಿಕ್ಕಿರಲಿಲ್ಲ. ಉಪಗ್ರಹಕ್ಕೆ ಸಿಕ್ಕಿತ್ತು. ಮಾಡೆಲ್‌ಗೆ ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನ ಮೊದಲ ಸಾಲು ಅದನ್ನು ಅಳಿಸಿ, ಎರಡನೆಯ ಸಾಲು ಆ ಜಾಗಕ್ಕೆ ನೀಲಿ ಬಳಿದಿತ್ತು.

ಲ್ಯಾಪ್‌ಟಾಪ್ ಎತ್ತಿಕೊಂಡು ಮೂರ್ತಿ ಸರ್ ಕೋಣೆಗೆ ಓಡಿದೆ.

“ಮಳೆ ಇರ್ಬೇಕು ಕಣ್ರೀ,” ಎಂದರು, ತಲೆ ಎತ್ತದೆ.

“ಮಳೆ ಸುತ್ತು ಹಾಕುತ್ತಾ ಸರ್? ಬಾಣ ನೋಡಿ. ಮೊದಲು ಬಾಣ ನೋಡಿ.”

ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಎಚ್ಚರಿಕೆ ಕೊಡುವುದು ನಮ್ಮ ಕೆಲಸವಲ್ಲ, ಅದಕ್ಕೆ ಬೇರೆ ಕಚೇರಿ, ಬೇರೆ ಕ್ರಮ. ಟಿಪ್ಪಣಿ ಬರೆಯಿರಿ ಎನ್ನುತ್ತಾರೆ ಎಂದುಕೊಂಡೆ. ಅವರು ಆಗಲೇ ಫೋನ್ ಎತ್ತಿ ಮುನ್ಸೂಚನೆಯ ಕಚೇರಿಗೆ ತಾವೇ ಮಾಡುತ್ತಿದ್ದರು. “ನೀವು ಬಂದರಿಗೆ ಹೇಳಿ, ಹೋಗಿ,” ಎಂದು ನನಗೆ ಕೈಸನ್ನೆ ಮಾಡಿದರು. ಅವರ ಮೇಲೆ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಸಿಟ್ಟು ಅರ್ಧ ಇಳಿದದ್ದು ಆ ಕ್ಷಣದಲ್ಲಿ.

ಶೇಖರಣ್ಣ ಮೊದಲ ರಿಂಗಿಗೇ ಎತ್ತಿದರು.

“ವಾಪಸ್ ಕರೀರಿ,” ಎಂದೆ. “ಎರಡೂ ಬೋಟನ್ನ. ಪಶ್ಚಿಮದ ಕಡೆ ಹೋಗ್ಬೇಡಿ ಅನ್ನಿ, ದಡದ ಕಡೆ ಬರ್ಲಿ. ಬಿರುಗಾಳಿ ಇದೆ.”

“ಬೆಳಿಗ್ಗೆ ನೀಲಿ ಅಂದ್ರಲ್ಲ?”

“ತಪ್ಪಾಯ್ತು. ಕರೀರಿ ಅವ್ರನ್ನ.”

ನಡುವಿನ ಬೋಟು ಸಿಕ್ಕಿತು, ಅದು ತಿರುಗಿತು. ವಸಂತನ ಬೋಟು ಉತ್ತರ ಕೊಡಲಿಲ್ಲ. ಗಾಳಿ ಅವರನ್ನು ಸಂಜೆಯೊಳಗೆ ಹಿಡಿದಿತ್ತು. ಎರಡು ದಿನವಾದ ಮೇಲೆ ಹುಡುಕಲು ಹೋದ ಬೋಟೊಂದಕ್ಕೆ ಐದು ಜನ ಸಿಕ್ಕಿದರು, ಖಾಲಿ ಡ್ರಮ್ಮುಗಳನ್ನು ಬಿಗಿದುಕೊಂಡು ತೇಲುತ್ತಿದ್ದರು. ವಸಂತ ಮತ್ತು ಎಂಜಿನ್ ನೋಡಿಕೊಳ್ಳುತ್ತಿದ್ದವನು ಸಿಗಲಿಲ್ಲ.

ಹತ್ತು ಗಂಟೆಯಿಂದ ಎರಡೂವರೆ. ಆ ನಾಲ್ಕೂವರೆ ಗಂಟೆಯಲ್ಲಿ ಅಂಥ ಬೋಟು ಎಷ್ಟು ದೂರ ಬರುತ್ತಿತ್ತು ಎಂದು ಲೆಕ್ಕ ಹಾಕಿದ್ದೇನೆ. ಒಂದು ಸಲವಲ್ಲ. ಉತ್ತರ ಬದಲಾಗುವುದಿಲ್ಲ. ಬದುಕಿ ಬರುತ್ತಿದ್ದರು.

ವಿಚಾರಣಾ ಸಮಿತಿ ಕೂತಿತು. ನಾನು ಎಲ್ಲ ತೋರಿಸಿದೆ, ಏನನ್ನೂ ಬಚ್ಚಿಡಲಿಲ್ಲ. ವ್ಯವಸ್ಥೆ ವಿನ್ಯಾಸದಂತೆಯೇ ಕಾರ್ಯನಿರ್ವಹಿಸಿದೆ ಎಂದು ಅವರು ಬರೆದರು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ನನಗೆ ತಡೆಯಲಾಗದ ಸಿಟ್ಟು ಬಂದದ್ದೂ ಅದಕ್ಕೇ. ತುಂಬಿಸುವ ಸಾಲನ್ನು ತೆಗೆಸಲು ಎಷ್ಟು ಸಭೆಯಾಯಿತೋ ಲೆಕ್ಕವಿಲ್ಲ. ಬಳಸುವವರಿಗೆ ಪೂರ್ತಿ ಚಿತ್ರ ಬೇಕು ಎಂದರು. ತೂತಿದ್ದರೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ ಎಂದರು. ಮೂರ್ತಿ ಸರ್ ತಾವು ನಿವೃತ್ತರಾಗುವ ವಾರ ಆ ಸಾಲು ತೆಗೆಯುವ ಆದೇಶದ ಕಾಗದಕ್ಕೆ ಸಹಿ ಹಾಕಿ ಹೋದರು. ನಕ್ಷೆಯಲ್ಲಿ ಮತ್ತೆ ಬಿಳಿ ತೂತುಗಳು ಬಂದವು, ಅಳಿಸಿದ ಚೌಕಗಳಿಗೇ ಬೇರೆ ಪುಟ ಬಂತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನನ್ನ ಕೊನೆಯ ವರ್ಷದಲ್ಲಿ ಪ್ರಜ್ವಲ್ ಹೊಸದೊಂದನ್ನು ಹಿಡಿದುಕೊಂಡು ಬಂದ.

“ಮೇಡಂ, ಇನ್ನು ನಾವು ರೂಲು ಗೀಲು ಬರೆಯೋದೇ ಬೇಡ. ಎಐ ತಾನೇ ಕಲಿಯುತ್ತೆ. ಸಂಕೇತ ಕೊಟ್ರೆ ಗಾಳಿ ಹೇಳುತ್ತೆ.”

“ಯಾವುದನ್ನ ನೋಡಿ ಕಲಿಯುತ್ತೆ?”

“ನಮ್ಮ ಹಳೇ ನಕ್ಷೆಗಳನ್ನ. ಎಷ್ಟೊಂದು ವರ್ಷದ್ದು ಇದೆ ಮೇಡಂ.”

“ಯಾವ ಹಳೇ ನಕ್ಷೆಗಳನ್ನಪ್ಪ?”

ಅವನಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ತುಂಬಿಸಿದ ನಕ್ಷೆಗಳನ್ನೇ ಕೊಟ್ಟಿದ್ದ. ಬಿರುಗಾಳಿಯ ಸಂಕೇತ ಬಂದಾಗ ನೀಲಿ ಎನ್ನು ಎಂದು ನಾನು ಯಾವುದೋ ಕಾಲದಲ್ಲಿ ಬರೆದದ್ದನ್ನು ಆ ಯಂತ್ರ ಶ್ರದ್ಧೆಯಿಂದ ಕಲಿಯುತ್ತಿತ್ತು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ತೆಗೆದಿತ್ತು, ಏಕೆಂದರೆ ಪರೀಕ್ಷೆ ಮಾಡಿದ್ದೂ ಅದೇ ನಕ್ಷೆಗಳಿಂದ. ಅವನನ್ನು ಕೂರಿಸಿ ಎಲ್ಲ ಹೇಳಿದೆ, ಬೋಟಿನದನ್ನೂ. ಮೂಲ ಕಡತಗಳಿಂದ ಮತ್ತೆ ಶುರು ಮಾಡು ಎಂದೆ. ಆರು ತಿಂಗಳ ಕೆಲಸ ಹಾಳಾಯಿತು ಎಂದು ಮುಖ ಗಂಟು ಹಾಕಿಕೊಂಡ. ಗಂಟು ಹಾಕಿಕೊಂಡೇ ಮಾಡಿದ, ಚೆನ್ನಾಗಿಯೇ ಮಾಡಿದ.

ಅವನಿಗೆ ಹೇಳಿದ ಮೇಲೆ ನನ್ನ ಮೇಲೇ ನನಗೆ ಅಸಹ್ಯವಾಯಿತು. ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೆ. ಸಮಿತಿಗೆ, ಡೈರೆಕ್ಟರಿಗೆ, ಈಗ ಇವನಿಗೆ. ಹೇಳಬೇಕಾದ ಒಬ್ಬರಿಗೆ ಹೇಳಿರಲಿಲ್ಲ. ಆ ದಿನದ ನಂತರ ಶೇಖರಣ್ಣ ನನಗೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಕರಾವಳಿಯ ಸಭೆಗಳಿಗೆ ಮೊಣಕಾಲು ನೋವು ಎಂದು ಪ್ರಜ್ವಲನನ್ನು ಕಳುಹಿಸುತ್ತಿದ್ದೆ. ಮೊಣಕಾಲು ಚೆನ್ನಾಗಿತ್ತು.

ನಿವೃತ್ತಿಗೆ ಮೂರು ವಾರ ಇದ್ದಾಗ ಬಸ್ಸು ಹತ್ತಿದೆ. ಶೇಖರಣ್ಣ ಅದೇ ವೈರ್‌ಲೆಸ್ ಕೋಣೆಯಲ್ಲಿದ್ದರು. ತಲೆ ಪೂರ್ತಿ ನೆರೆತಿತ್ತು. ಹೊರಗೆ ಐಸು ಪುಡಿ ಮಾಡುವ ಯಂತ್ರದ ಸದ್ದು, ಬಾಗಿಲು ಮುಚ್ಚಿದರೂ ಜೋರಾಗಿ ಮಾತಾಡಬೇಕಿತ್ತು. ಚಾ ತರಿಸಿದರು. ಬೆಂಗಳೂರಲ್ಲಿ ಸೆಕೆ ಉಂಟಾ ಎಂದು ಕೇಳಿದರು. ನಾನು ಲೋಟ ಕೆಳಗಿಟ್ಟೆ.

“ಶೇಖರಣ್ಣ, ಆವತ್ತು ಉಪಗ್ರಹಕ್ಕೆ ಗಾಳಿ ಕಂಡಿತ್ತು. ಅಳಿಸಿದ್ದು ನಾವು. ಅಳಿಸಿ ನೀಲಿ ತುಂಬಿ ಅಂತ ಬರೆದದ್ದು ನಾನೇ, ನನ್ನ ಕೈಯಾರೆ. ನಕ್ಷೆ ನೋಡಿ ನಾನೂ ಮೋಸ ಹೋದೆ.”

ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನಕ್ಷೆ ನನ್ನ ಹತ್ರವೂ ಇತ್ತು ಮೇಡಂ,” ಎಂದರು. “ಈ ಮೇಜಿನ ಮೇಲೆಯೇ ಇತ್ತು. ನೀಲಿ ಅಂತ ನನಗೂ ಕಾಣ್ತಿತ್ತು. ವಸಂತ ಬೇರೆ ಹೇಳ್ತಿದ್ದ, ನಕ್ಷೆ ಬೇರೆ ಹೇಳ್ತಿತ್ತು. ಅದರ ಹಿಂದೆ ಎಂತ ಉಂಟು ಅಂತ ನೋಡ್ಲಿಕ್ಕೆ ನಿಮಗೆ ಆಗ್ತದೆ, ನನಗೆ ಆಗುದಿಲ್ಲ. ಅದಕ್ಕೇ ಫೋನ್ ಮಾಡಿದ್ದು.”

ಅವರ ಕೈಯಲ್ಲಿದ್ದ ನಕ್ಷೆಯನ್ನೇ ನಾನು ಆ ಬೆಳಿಗ್ಗೆ ಅವರಿಗೆ ಓದಿ ಹೇಳಿದ್ದೆ.